ಕರಿಯ ಹೊನ್ನು, ಕೆಂಪು ಚೊಂಬು: ಲೋಹದ ಹೆಸರುಗಳ ಒಳಗೇನಿದೆ?

ಕಳೆದ ಬೇಸಿಗೆಯಲ್ಲಿ ಅಮ್ಮನ ಮನೆಯ ಅಟ್ಟ ಖಾಲಿ ಮಾಡಿದೆವು. ಹಂಡೆ, ಕೊಡ, ಕೊಳದಪ್ಪಲೆ, ಪರಾತ, ಸೌಟು, ಒಂದಷ್ಟು ಬಟ್ಟಲು ಕೆಳಗಿಳಿದವು. ಎಲ್ಲದರ ಮೇಲೂ ಕಪ್ಪು, ಹಸಿರು ಪದರ. ಮಗಳು ಒಂದೊಂದನ್ನೇ ಎತ್ತಿ "ಇದು ಯಾವುದು?" ಎಂದು ಕೇಳುತ್ತಿದ್ದಳು. ನಾನು ಎಲ್ಲದಕ್ಕೂ "ಹಿತ್ತಾಳೆ" ಎನ್ನುತ್ತಿದ್ದೆ. ಅಮ್ಮ ಅದನ್ನು ಕೇಳಿಸಿಕೊಂಡು ಒಳಗಿನಿಂದ ಬಂದರು. ಒಂದು ಬಟ್ಟಲನ್ನು ಬೆರಳ ತುದಿಗಳ ಮೇಲೆ ಕೂರಿಸಿ ಸೌಟಿನಿಂದ ಮೆಲ್ಲಗೆ ತಟ್ಟಿದರು. ಸದ್ದು ತುಂಬಾ ಹೊತ್ತು ನಿಂತಿತು. "ಇದು ಕಂಚು ಕಣೇ. ಹಿತ್ತಾಳೆ ಹೀಗೆ ಹಾಡಲ್ಲ" ಎಂದರು.

ಆಮೇಲೆ ನಾನು ಈ ಹೆಸರುಗಳ ಹಿಂದೆ ಬಿದ್ದೆ. ಕಬ್ಬಿಣ, ಬೆಳ್ಳಿ, ಕಂಚು, ಉಕ್ಕು ಎಂದು ದಿನಾ ಆಡುತ್ತೇವೆ, ಅಲ್ವಾ? ಆದರೆ ಹೆಸರನ್ನು ಸ್ವಲ್ಪ ಬಿಡಿಸಿ ನೋಡಿದರೆ ಹಿಂದಿನವರು ಲೋಹವನ್ನು ಹೇಗೆ ಗುರುತು ಹಿಡಿಯುತ್ತಿದ್ದರು ಎನ್ನುವುದು ಅದರಲ್ಲೇ ಕಾಣುತ್ತದೆ. ಕೆಲವು ಹೆಸರಿನಲ್ಲಿ ಬಣ್ಣ ಇದೆ. ಕೆಲವು ಹೆಸರಿನಲ್ಲಿ ಅದನ್ನು ಮಾಡುವ ಬಗೆ ಇದೆ.

ಹಳಗನ್ನಡದ 'ಪೊನ್' ಎಂಬ ಮಾತಿನಿಂದ ಶುರು ಮಾಡೋಣ. ಪೊನ್ ಅಂದರೆ ಚಿನ್ನ. ಸುಮ್ನೆ ಲೋಹ ಎನ್ನುವ ಅರ್ಥವೂ ಅದಕ್ಕಿತ್ತು. ಮುಂದೆ ಕನ್ನಡದಲ್ಲಿ ಮಾತಿನ ಮೊದಲಿನ 'ಪ' ಹೋಗಿ 'ಹ' ಬಂತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊನ್ ಹೊನ್ನಾಯಿತು. ಈಗ ಪೊನ್ ಮುಂಚೆ 'ಕರ್' ಇಟ್ಟು ನೋಡಿ. ಕರ್ ಅಂದರೆ ಕಪ್ಪು. ಕರ್, ಪೊನ್ ಎರಡೂ ಸೇರಿ ಕರ್ಬೊನ್. ಅದೇ ಸವೆದು ಕಬ್ಬುನ ಆಯಿತು, ಆಮೇಲೆ ಕಬ್ಬಿಣ ಆಯಿತು. 'ರ್ಬ' ಎನ್ನುವುದು 'ಬ್ಬ' ಆಗುವುದು ಕನ್ನಡದಲ್ಲಿ ಮಾಮೂಲಿ. ಪೆರ್ಬುಲಿ ಹೆಬ್ಬುಲಿಯಾದದ್ದು ಹಾಗೇ. ಅಂದರೆ ನಾವು 'ಕಬ್ಬಿಣ' ಎಂದಾಗಲೆಲ್ಲ 'ಕರಿಯ ಲೋಹ' ಎಂದೇ ಹೇಳುತ್ತಿದ್ದೇವೆ. ತುಳುವಿನಲ್ಲೂ ಇದು 'ಕರ್ಬ'. ತಮಿಳಿನ ಇರುಂಬು, ತೆಲುಗಿನ ಇನುಮು ಬೇರೆ ದಾರಿ ಹಿಡಿದಿವೆ.

ಬೆಳ್ಳಿಯ ವಿಷಯ ಇನ್ನೂ ಸುಲಭ. ಬೆಳ್ ಅಂದರೆ ಬಿಳುಪು, ಹೊಳಪು. ಬೆಳಕು, ಬೆಳಗು, ಬೆಳ್ಳಗೆ, ಬೆಳ್ಳುಳ್ಳಿ ಎಲ್ಲವೂ ಇದೇ ಮನೆಯವು. ನಸುಕಿನಲ್ಲಿ ಕಾಣುವ ಶುಕ್ರನಿಗೆ ಬೆಳ್ಳಿ ಚುಕ್ಕಿ ಎನ್ನುವುದೂ ಇದೇ ಕಾರಣಕ್ಕೆ.

ತಾಮ್ರದ ಕಥೆ ನನಗೆ ತುಂಬಾ ಇಷ್ಟ. ತಾಮ್ರ ಎನ್ನುವುದು ಸಂಸ್ಕೃತದ ಮಾತು. ನಮ್ಮ ದ್ರಾವಿಡ ಮಾತು ಬೇರೆ ಇದೆ. ತಮಿಳಿನಲ್ಲಿ ತಾಮ್ರಕ್ಕೆ 'ಚೆಂಬು' ಎನ್ನುತ್ತಾರೆ. ಅದರ ಬುಡದಲ್ಲಿ ಇರುವುದು ಕೆಂಪು. ಕನ್ನಡದಲ್ಲಿ 'ಕ' ಇರುವ ಎಷ್ಟೋ ಕಡೆ ತಮಿಳಿನಲ್ಲಿ 'ಚ' ಬರುತ್ತದೆ. ನಮ್ಮ ಕಿವಿ ಅವರಿಗೆ ಚೆವಿ. ನಮ್ಮ ಕೆಂಪಿನ 'ಕೆಂ' ಅವರಿಗೆ 'ಚೆಂ'. ಆ ಚೆಂಬು ಕನ್ನಡಕ್ಕೆ ಬಂದಾಗ ಲೋಹದ ಹೆಸರಾಗಿ ಉಳಿಯಲಿಲ್ಲ, ಆ ಲೋಹದಿಂದ ಮಾಡಿದ ಪಾತ್ರೆಯ ಹೆಸರಾಯಿತು. ಅದೇ ನಮ್ಮ ಚೊಂಬು. ಉತ್ತರ ಕರ್ನಾಟಕದವರು ಅದನ್ನೇ ತಂಬಿಗೆ ಎನ್ನುತ್ತಾರೆ. ಈಗ ಅಂಗಡಿಗೆ ಹೋಗಿ ಸ್ಟೀಲ್ ಚೊಂಬು ಕೇಳುತ್ತೇವೆ. ಬಚ್ಚಲಲ್ಲಿ ನೀಲಿ ಪ್ಲಾಸ್ಟಿಕ್ ಚೊಂಬು ಇಟ್ಟುಕೊಳ್ಳುತ್ತೇವೆ. ತಾಮ್ರ ಹೋದರೂ ತಾಮ್ರದ ಕೆಂಪು ಆ ಹೆಸರಿನಲ್ಲಿ ಉಳಿದಿದೆ.

ಸಂಸ್ಕೃತದಿಂದ ಬಂದ ಹೆಸರುಗಳಲ್ಲೂ ಬಣ್ಣವೇ ಎದ್ದು ಕಾಣುತ್ತದೆ. 'ಲೋಹ' ಎಂಬ ಮಾತಿಗೇ ಮೊದಲು ಕೆಂಪನೆಯದು, ತಾಮ್ರ ಎಂಬ ಅರ್ಥ ಇತ್ತು. ಆಮೇಲೆ ಅದು ಕಬ್ಬಿಣಕ್ಕೂ, ಕೊನೆಗೆ ಎಲ್ಲ ಲೋಹಗಳಿಗೂ ಸಂದಿತು. ಹಿತ್ತಾಳೆಯ ಬುಡದಲ್ಲಿ 'ಪೀತ' ಇದೆ. ಪೀತ ಎಂದರೆ ಹಳದಿ. ಇಲ್ಲೂ 'ಪ' ಹೋಗಿ 'ಹ' ಬಂದಿದೆ.

ಹಿತ್ತಾಳೆ, ಕಂಚು ಇವೆರಡರಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಎರಡರಲ್ಲೂ ದೊಡ್ಡ ಪಾಲು ತಾಮ್ರವೇ. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ಇಷ್ಟು ನೆನಪಿದ್ದರೆ ಸಾಕು. ಆದರೆ ಆ ಒಂದು ಬೆರಕೆಯಿಂದ ಎರಡರ ಗುಣವೂ ಬೇರೆಯಾಗುತ್ತದೆ. ಗಂಟೆ, ಜಾಗಟೆ, ತಾಳಗಳಿಗೆ ಬಳಸುವ ಕಂಚಿನಲ್ಲಿ ನೂರಕ್ಕೆ ಸುಮಾರು 22 ಪಾಲು ತವರ ಇರುತ್ತದೆ. ಅಷ್ಟು ತವರ ಸೇರಿದಾಗ ಲೋಹ ಗಡುಸಾಗುತ್ತದೆ. ಗಡುಸಾದ ಲೋಹಕ್ಕೆ ಪೆಟ್ಟು ಬಿದ್ದರೆ ಅದರ ನಡುಕ ಒಳಗೇ ಇಂಗಿ ಹೋಗುವುದಿಲ್ಲ, ತುಂಬಾ ಹೊತ್ತು ನಡೆಯುತ್ತದೆ. ನಮಗೆ ಕೇಳುವ ನಾದ ಅದೇ. ದೊಡ್ಡ, ತುಂಬಿದ ದನಿಗೆ ನಾವು 'ಕಂಚಿನ ಕಂಠ' ಎನ್ನುವುದು ಸುಮ್ನೆ ಅಲ್ಲ. ಹಿತ್ತಾಳೆಯ ಕಂಠ ಎಂದು ಯಾರೂ ಹೇಳುವುದಿಲ್ಲ. ಅಮ್ಮ ಸೌಟಿನಿಂದ ಮಾಡಿದ ಪರೀಕ್ಷೆ ಈ ಮಾತಿನಲ್ಲೇ ಇದೆ.

ಇನ್ನೊಂದು ಪರೀಕ್ಷೆಯೂ ಇದೆ, ಆದರೆ ಅದನ್ನು ಬೇಕೆಂದು ಮಾಡಬೇಡಿ. ಹಿತ್ತಾಳೆ ಪಾತ್ರೆ ಕೈತಪ್ಪಿ ಬಿದ್ದರೆ ನೆಗ್ಗುತ್ತದೆ. ಕಂಚು ಬಿದ್ದರೆ ಬಿರುಕು ಬಿಡುತ್ತದೆ, ಒಡೆದೂ ಹೋಗಬಹುದು. ನಾದ ಕೊಟ್ಟ ಗಡುಸುತನವೇ ಅದನ್ನು ಪೆಡಸು ಮಾಡುತ್ತದೆ.

ತವರ, ಸತು ಎರಡೂ ಕೇಳಲು ಒಂದೇ ಥರ ಅನ್ನಿಸುತ್ತವೆ. ಆದರೆ ಮನುಷ್ಯರಿಗೆ ಇವು ಸಿಕ್ಕ ಬಗೆಯಲ್ಲಿ ತುಂಬಾ ಅಂತರ ಇದೆ. ತವರ 232 ಡಿಗ್ರಿಗೇ ಕರಗುತ್ತದೆ, ಸುಲಭವಾಗಿ ಕೈಗೆ ಬರುತ್ತದೆ. ಸತು ಹಾಗಲ್ಲ. ಅದರ ಅದಿರನ್ನು ಇದ್ದಿಲಿನ ಜೊತೆ ಕಾಯಿಸಿದರೆ ಸತುವೇನೋ ಬಿಡುಗಡೆಯಾಗುತ್ತದೆ. ಆದರೆ ಅಷ್ಟು ಶಾಖದಲ್ಲಿ ಅದು ನಿಲ್ಲುವುದಿಲ್ಲ, ಆವಿಯಾಗಿ ಹಾರಿ ಹೋಗುತ್ತದೆ. ಸತು ಕುದಿಯುವುದೇ 907 ಡಿಗ್ರಿಗೆ. ಅದಕ್ಕೇ ಹಳೆಯ ಕಾಲದಲ್ಲಿ ಸತುವನ್ನು ಬೇರೆಯಾಗಿ ತೆಗೆಯದೆ, ತಾಮ್ರದ ಚೂರಿನ ಜೊತೆ ಸತುವಿನ ಅದಿರನ್ನೇ ಕಾಯಿಸಿ ಹಿತ್ತಾಳೆ ಮಾಡುತ್ತಿದ್ದರು. ರಾಜಸ್ಥಾನದ ಜಾವರ್‌ನಲ್ಲಿ ಮಾತ್ರ ಆ ಆವಿಯನ್ನು ಮಣ್ಣಿನ ಪಾತ್ರೆಯಿಂದ ಕೆಳಗಿಳಿಸಿ, ತಣಿಸಿ ಹಿಡಿಯುವುದನ್ನು ಯುರೋಪಿಗಿಂತ ನೂರಾರು ವರ್ಷ ಮೊದಲೇ ಕಲಿತಿದ್ದರು. ನಮ್ಮ ಬೀದರಿನ ಬಿದರಿ ಕೆಲಸಕ್ಕೂ ಸತುವೇ ಬೇಕು. ಸತುವಿಗೆ ಒಂದಿಷ್ಟು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಚಿತ್ತಾರ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಎಂಬ ಉಪ್ಪು ಕಲಸಿದ ನೀರಿನಿಂದ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ.

ಲೋಹದ ಹೆಸರು ಬಿಟ್ಟು ಲೋಹದ ಕೆಲಸದ ಮಾತುಗಳಿಗೆ ಬಂದರೆ ಅಡುಗೆಮನೆಗೋ ಹೊಲಕ್ಕೋ ಬಂದ ಹಾಗಾಗುತ್ತದೆ. 'ಎರಕ' ಎನ್ನುವುದನ್ನೇ ನೋಡಿ. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವುದು ಎರಕ. ಅದರ ಬೇರು 'ಎರೆ'. ಎಣ್ಣೆ ಎರೆಯುವುದು, ನೀರೆರೆಯುವುದು, ದೋಸೆ ಎರೆಯುವುದು ಎಲ್ಲವೂ ಅದೇ ಕೆಲಸ. ಕಾವಲಿಯ ಮೇಲೆ ಹಿಟ್ಟು ಎರೆಯುವ ಅಜ್ಜಿಯೂ ಅಚ್ಚಿಗೆ ಕಂಚು ಎರೆಯುವ ಕಂಚುಗಾರನೂ ಒಂದೇ ಕ್ರಿಯಾಪದ ಬಳಸುತ್ತಾರೆ. 'ಬೆಸುಗೆ' ಕೂಡ ಹಾಗೇ. ಎರಡು ಲೋಹದ ತುಂಡನ್ನು ಬೆಸೆಯುವುದು ಬೆಸುಗೆ. ಎರಡು ಮನಸ್ಸು ಕೂಡಿಕೊಂಡರೆ ಅದಕ್ಕೂ ಬೆಸುಗೆ.

ನನ್ನ ಮಟ್ಟಿಗೆ ಇವುಗಳಲ್ಲೆಲ್ಲ ದೊಡ್ಡ ಮಾತು 'ಹದ'. ಸಾರಿಗೆ ಹದ, ಪಾಕಕ್ಕೆ ಹದ, ಬಿತ್ತನೆಗೆ ಮಣ್ಣಿನ ಹದ, ಹಾಗೇ ಕತ್ತಿಗೂ ಹದ. ಕಮ್ಮಾರನ ಕುಲುಮೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಇದು ಗೊತ್ತಾಗುತ್ತದೆ. ತಿದಿ ಒತ್ತಿ ಗಾಳಿ ಊದುತ್ತಾರೆ. ಇದ್ದಿಲು ಕೆಂಡವಾಗುತ್ತದೆ. ಕುಡುಗೋಲನ್ನೋ ಉಳಿಯನ್ನೋ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸುತ್ತಾರೆ. ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಆಕಾರ ಕೊಡುತ್ತಾರೆ. ಮತ್ತೆ ಕಾಯಿಸಿ ಬಾಯಿಯನ್ನು ತಟ್ಟನೆ ನೀರಿಗೆ ಅದ್ದುತ್ತಾರೆ. ಚುಂಯ್ ಎಂದು ಸದ್ದಾಗುತ್ತದೆ. ಈಗ ಅದು ತುಂಬಾ ಗಡುಸು. ಆದರೆ ಗಾಜಿನಂತೆ ಪೆಡಸು, ಕಲ್ಲಿಗೆ ತಗುಲಿದರೆ ಚಕ್ಕೆ ಹಾರುತ್ತದೆ. ಅದಕ್ಕೇ ಮತ್ತೊಮ್ಮೆ ಸಣ್ಣ ಶಾಖ ಕೊಡಬೇಕು.

ಆ ಶಾಖ ಎಷ್ಟಿರಬೇಕು ಎಂದು ಅಳೆಯಲು ಕಮ್ಮಾರನ ಹತ್ತಿರ ಥರ್ಮಾಮೀಟರ್ ಇಲ್ಲ. ಉಜ್ಜಿ ಬೆಳ್ಳಗೆ ಮಾಡಿದ ಬಾಯಿಯ ಮೇಲೆ ಬಣ್ಣ ಓಡುವುದನ್ನು ನೋಡುತ್ತಾನೆ. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ ಬರುತ್ತದೆ. ಆಮೇಲೆ ಕಂದು, ನೇರಳೆ. 300ರ ಹತ್ತಿರ ನೀಲಿ. ಬಣ್ಣ ನೀಲಿಯ ಕಡೆಗೆ ಹೋದಷ್ಟೂ ಗಡುಸು ಕಡಿಮೆಯಾಗುತ್ತದೆ, ತಾಳಿಕೆ ಜಾಸ್ತಿಯಾಗುತ್ತದೆ. ಕೂದಲು ತೆಗೆಯುವ ಕತ್ತಿಗೆ ಹಳದಿಯಲ್ಲೇ ನಿಲ್ಲಿಸಬೇಕು. ಪೆಟ್ಟು ತಿನ್ನುವ ಉಪಕರಣಕ್ಕೆ ಇನ್ನೂ ಮುಂದೆ ಹೋಗಬೇಕು. ಬೇಕಾದ ಬಣ್ಣ ಬಂದ ಗಳಿಗೆಯಲ್ಲೇ ನೀರಿಗೆ ಅದ್ದಬೇಕು. ಒಂದು ಕ್ಷಣ ತಡವಾದರೂ ಹದ ಕೆಟ್ಟಿತು, ಮತ್ತೆ ಮೊದಲಿನಿಂದ ಮಾಡಬೇಕು. ಅಮ್ಮ ಮೈಸೂರುಪಾಕಿಗೆ ಒಲೆಯ ಮುಂದೆ ಕಣ್ಣಿಟ್ಟು ನಿಲ್ಲುವುದೂ ಇದಕ್ಕೇ ಅಲ್ವಾ? ಎರಡಕ್ಕೂ ಕನ್ನಡ ಒಂದೇ ಮಾತು ಇಟ್ಟುಕೊಂಡಿದೆ.

ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದು ಕಮ್ಮಾರ, ಬಡಗಿ ಇಬ್ಬರೂ ಸೇರಿ ಮಾಡುವ ಕೆಲಸ. ಪಟ್ಟಿಯ ಬಳೆಯನ್ನು ಗಾಲಿಗಿಂತ ಒಂಚೂರು ಚಿಕ್ಕದಾಗಿಯೇ ಮಾಡುತ್ತಾರೆ. ಬೆರಣಿ ಜೋಡಿಸಿ ಬೆಂಕಿ ಹಾಕಿ ಅದನ್ನು ಕಾಯಿಸುತ್ತಾರೆ. 4 ಮೀಟರ್ ಉದ್ದದ ಪಟ್ಟಿ 500 ಡಿಗ್ರಿಯಷ್ಟು ಬಿಸಿಯಾದರೆ ಸುಮಾರು ಎರಡೂವರೆ ಸೆಂಟಿಮೀಟರ್ ಹಿಗ್ಗುತ್ತದೆ. ಹಿಗ್ಗಿದ ಬಳೆಯನ್ನು ಮರದ ಗಾಲಿಗೆ ಕೂರಿಸಿ ತಕ್ಷಣ ನೀರು ಸುರಿಯುತ್ತಾರೆ. ಅದು ಕುಗ್ಗಿ, ಮರದ ಕೀಲುಗಳನ್ನೆಲ್ಲ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಇಂಥ ಕೆಲಸಕ್ಕೆಲ್ಲ ರೈತ ಆಗಿಂದಾಗ ದುಡ್ಡು ಕೊಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದ. ಅದರ ಹೆಸರು ಆಯ. ಅದನ್ನು ಪಡೆಯುವವರು ಆಯಗಾರರು.

ಈಗ ಉಕ್ಕು. ಈ ಮಾತನ್ನು ಹಾಲು ಉಕ್ಕುವುದರ ಜೊತೆ ಜೋಡಿಸುವವರಿದ್ದಾರೆ. ತಮಿಳಿನ ಜೊತೆ ಇಟ್ಟು ನೋಡಿದರೆ ಬೇರೆ ದಾರಿ ಕಾಣುತ್ತದೆ. ತಮಿಳಿನಲ್ಲಿ 'ಉರುಕು' ಅಂದರೆ ಕರಗು. 'ಉರುಕ್ಕು' ಅಂದರೆ ಕರಗಿಸಿದ್ದು, ಉಕ್ಕು ಎಂಬ ಅರ್ಥವೂ ಇದೆ. ಹಳಗನ್ನಡದ ಉರ್ಕು ನಮ್ಮ ಬಾಯಲ್ಲಿ ಉಕ್ಕು ಆಯಿತು. ಹಾಗಾದರೆ ಉಕ್ಕು ಎಂದರೆ 'ಕರಗಿದ್ದು'. ಎಲ್ಲ ಲೋಹವೂ ಕರಗುತ್ತದಲ್ಲ, ಇದಕ್ಕೇ ಯಾಕೆ ಆ ಹೆಸರು ಎಂದು ನನಗೂ ಅನ್ನಿಸಿತ್ತು.

ಉತ್ತರ ಕುಲುಮೆಯಲ್ಲೇ ಇದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಇದ್ದಿಲಿನ ಹಳೆಯ ಒಲೆಯಲ್ಲಿ ಅಷ್ಟು ಕಾವು ಏಳುತ್ತಿರಲಿಲ್ಲ. ಅದಿರಿನಿಂದ ಕಬ್ಬಿಣ ಬಿಡುಗಡೆಯಾಗುತ್ತಿತ್ತು, ಆದರೆ ಕರಗದೆ ಸ್ಪಂಜಿನಂಥ ಮುದ್ದೆಯಾಗಿ ಉಳಿಯುತ್ತಿತ್ತು. ಅದರ ತೂತುಗಳಲ್ಲಿ ಕಿಟ್ಟ, ಅಂದರೆ ಅದಿರಿನ ಕಸ, ತುಂಬಿರುತ್ತಿತ್ತು. ಕಾಯಿಸಿ, ಬಡಿದು, ಕಿಟ್ಟ ಹಿಂಡಿ ತೆಗೆಯಬೇಕಿತ್ತು. ಅಂದರೆ ಆ ಕಾಲದ ಕಬ್ಬಿಣ ಒಮ್ಮೆಯೂ ಕರಗದೆಯೇ ಗುದ್ದಲಿಯೋ ನೇಗಿಲ ಗುಳವೋ ಆಗುತ್ತಿತ್ತು. ಉಕ್ಕನ್ನು ಮಾತ್ರ ನಿಜಕ್ಕೂ ಕರಗಿಸುತ್ತಿದ್ದರು.

ಮಾಡುವ ಬಗೆ ಹೀಗೆ. ಮಣ್ಣಿನ ಸಣ್ಣ ಮೂಸೆಗೆ, ಅಂದರೆ ಲೋಹ ಕರಗಿಸುವ ಪಾತ್ರೆಗೆ, ಕಬ್ಬಿಣದ ಚೂರು ಹಾಕಬೇಕು. ಅದರ ಜೊತೆ ತಂಗಡಿ ಗಿಡದ ಕಡ್ಡಿ, ಒಂದಿಷ್ಟು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಬೇಕು. ಇಂಥ ಹಲವು ಮೂಸೆಗಳನ್ನು ಒಲೆಯಲ್ಲಿ ಜೋಡಿಸಿ ಗಂಟೆಗಟ್ಟಲೆ ತಿದಿ ಒತ್ತಬೇಕು. ಗಾಳಿ ಇಲ್ಲದ ಮೂಸೆಯೊಳಗೆ ಕಡ್ಡಿ, ಎಲೆ ಇದ್ದಿಲಾಗುತ್ತವೆ. ಅದರ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತದೆ. ಇಂಗಾಲ ನೂರಕ್ಕೆ ಒಂದೂವರೆಯಷ್ಟು ಸೇರಿದರೆ ಕಬ್ಬಿಣ ಕರಗುವ ಶಾಖ ನೂರು ಡಿಗ್ರಿಯಷ್ಟು ಇಳಿಯುತ್ತದೆ. ಅಲ್ಲಿಗೆ ಕರಗದಿದ್ದದ್ದು ಕರಗಿತು. ಮೂಸೆ ತಣಿದ ಮೇಲೆ ಒಡೆದರೆ ಕಿಟ್ಟದಿಂದ ಬೇರೆಯಾದ ಉಕ್ಕಿನ ಗಟ್ಟಿ ಸಿಗುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ಸಿಕ್ಕಿವೆ.

ಈ ಉಕ್ಕು ದಕ್ಷಿಣ ಭಾರತದಿಂದ ಹಡಗು ಹತ್ತಿ ಪರ್ಷಿಯಾ, ಅರಬ್ ನಾಡುಗಳಿಗೆ ಹೋಗುತ್ತಿತ್ತು. ಅಲೆಅಲೆಯ ಗೆರೆ ಇರುವ ಡಮಾಸ್ಕಸ್ ಕತ್ತಿಗಳಾಗುತ್ತಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ. ಅವನು ಬಳಸಿದ ಹೆಸರು 'ವೂಟ್ಜ್'. ನಮ್ಮ ಉಕ್ಕು ಎಂಬ ಮಾತೇ ಇಂಗ್ಲಿಷಿನವರ ಕಿವಿಯಲ್ಲೋ ಕಾಗದದಲ್ಲೋ ಹೀಗಾಯಿತು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮುಂದೆ ಮೈಕೆಲ್ ಫ್ಯಾರಡೆ ಕೂಡ ಇದರ ಗುಟ್ಟು ಹಿಡಿಯಲು ಪ್ರಯೋಗ ಮಾಡಿದ. ವಿದ್ಯುತ್ತಿನ ಕೆಲಸಕ್ಕೆ ಹೆಸರಾದ ಆ ಫ್ಯಾರಡೆಯೇ. ಇಂದಿಗೂ ಲೋಹವಿಜ್ಞಾನದ ಪುಸ್ತಕಗಳಲ್ಲಿ ವೂಟ್ಜ್ ಇದೆ. ಅದನ್ನು ಓದುವ ನಮ್ಮ ಮಕ್ಕಳಿಗೆ ಅದು ನಮ್ಮ ಮನೆಮಾತು ಎಂದು ಯಾರಾದರೂ ಹೇಳಲೇಬೇಕು ಎಂದು ನನಗೆ ಅನ್ನಿಸುತ್ತದೆ.

ಚಿನ್ನದ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಎರಡೇ ಮಾತು. ಅಕ್ಕಸಾಲಿಗರು ಕಪ್ಪು ಒರೆಗಲ್ಲಿನ ಮೇಲೆ ಚಿನ್ನ ಉಜ್ಜಿ ಗೆರೆಯ ಬಣ್ಣ ನೋಡುತ್ತಾರೆ. 'ಒರೆಗೆ ಹಚ್ಚು' ಎಂಬ ಮಾತು ಅಲ್ಲಿಂದಲೇ ಬಂತು. ಅಪರಂಜಿ, ಅಂದರೆ ಬೆರಕೆ ಇಲ್ಲದ ಚಿನ್ನ, ತುಂಬಾ ಮೆತ್ತಗೆ. ಅದಕ್ಕೇ ಒಡವೆಗೆ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸುತ್ತಾರೆ. 24 ಪಾಲಿನಲ್ಲಿ 22 ಪಾಲು ಚಿನ್ನ ಇದ್ದರೆ ಅದು ಸಾವಿರಕ್ಕೆ 916. ಒಡವೆಯ ಮೇಲಿನ 916 ಎಂಬ ಗುರುತು ಇದೇ ಲೆಕ್ಕ. ಇನ್ನು 'ಕೆಡಿಎಂ ಚಿನ್ನ' ಎಂದು ಈಗಲೂ ಕೇಳಿ ಕೊಳ್ಳುವವರಿದ್ದಾರೆ. ಅದು ಚಿನ್ನದ ಜಾತಿಯ ಹೆಸರಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರು. ಆ ಬೆಸುಗೆ ಹಾಕುವಾಗ ಏಳುವ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ವಿಷ. ಗೊತ್ತಿದ್ದವರು ಅದನ್ನು ಕೇಳಬಾರದು.

ನಮ್ಮ ದುಡ್ಡಿನ ಹೆಸರುಗಳೂ ಲೋಹದವೇ. ಹೊನ್ನು ಚಿನ್ನದ ನಾಣ್ಯ, ಅರ್ಧ ವರಹ. 'ಪಣ' ಎಂಬ ಚಿನ್ನದ ಸಣ್ಣ ನಾಣ್ಯವೇ 'ಹಣ' ಆಯಿತು. ದುಡ್ಡು ತಾಮ್ರದ ನಾಣ್ಯ. ರೂಪಾಯಿಯ ಬುಡದಲ್ಲಿರುವ 'ರೂಪ್ಯ' ಬೆಳ್ಳಿ.

ಕೆಲವು ಹೆಸರು ಮಾತ್ರ ದಾರಿ ತಪ್ಪಿಸುತ್ತವೆ. ಪೆನ್ಸಿಲ್ಲಿಗೆ ನಮ್ಮ ಹಿರಿಯರು 'ಸೀಸದ ಕಡ್ಡಿ' ಎನ್ನುತ್ತಿದ್ದರು. ಅದರಲ್ಲಿ ಸೀಸ ಇಲ್ಲ, ಇರುವುದು ಗ್ರಾಫೈಟ್, ಅಂದರೆ ಇಂಗಾಲ. ಬಿಸ್ಕತ್ತಿನ 'ಟಿನ್ನು' ತವರದ್ದಲ್ಲ, ತವರ ಲೇಪಿಸಿದ ಉಕ್ಕಿನ ತಗಡು. ಮಾಡಿಗೆ ಹೊದಿಸುವ ಬಿಳಿ ತಗಡಿನ ಮೇಲೆ ಇರುವುದು ಸತು. ಅಡುಗೆಮನೆಯ ಸ್ಟೀಲು ಕೂಡ ಉಕ್ಕೇ. ಹಳೇ ಮೈಸೂರು ಕಡೆಯ ಕೆಲವು ಹಿರಿಯರು ಅದನ್ನು ಎವರ್‌ಸಿಲ್ವರ್ ಎನ್ನುತ್ತಿದ್ದರು. ಅದರಲ್ಲಿ ಬೆಳ್ಳಿ ಇಲ್ಲ. ಸಾಮಾನ್ಯವಾಗಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಕ್ರೋಮಿಯಂ ಗಾಳಿಯ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಅದಕ್ಕೇ ತುಕ್ಕು ಹಿಡಿಯುವುದಿಲ್ಲ.

ತುಕ್ಕು ಎಂದಾಗ ನೆನಪಾಯಿತು. ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರಕ್ಕೂ ಹಿತ್ತಾಳೆಗೂ ಹಿಡಿಯುವುದು ಕಿಲುಬು. ಎರಡಕ್ಕೆ ಎರಡು ಹೆಸರು ಇಟ್ಟದ್ದು ಸರಿಯಾಗಿಯೇ ಇದೆ. ತುಕ್ಕು ಪದರಪದರವಾಗಿ ಉದುರಿ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ. ಕಿಲುಬು ಪಾತ್ರೆಯನ್ನು ಹಾಗೆ ತಿಂದುಹಾಕುವುದಿಲ್ಲ, ಆದರೆ ಊಟಕ್ಕೆ ಸೇರಿದರೆ ಹೊಟ್ಟೆ ಕೆಡಿಸುತ್ತದೆ. ಹುಣಸೆಹುಳಿ, ಮಜ್ಜಿಗೆ ತಗುಲಿದರಂತೂ ಬೇಗ ಏಳುತ್ತದೆ.

ಅಟ್ಟದಿಂದ ಇಳಿದ ಹಿತ್ತಾಳೆಯ ಕೊಳದಪ್ಪಲೆಯಲ್ಲಿ ಬಿಸಿಬೇಳೆಬಾತ್ ಮಾಡಬೇಕೆಂದು ಅಮ್ಮನಿಗೆ ಆಸೆ. ಹುಣಸೆ ಬೀಳುವ ಅಡುಗೆ, ಕಲಾಯಿ ಇಲ್ಲದೆ ಆಗುವುದಿಲ್ಲ. ಕಲಾಯಿ ಎಂಬ ಮಾತು ಬಂದದ್ದು ಅರಬ್ಬಿಯಿಂದ. ಅಲ್ಲಿ ಅದರ ಅರ್ಥ ತವರ. ಹಳೆ ಪೇಟೆಯಲ್ಲಿ ಹುಡುಕಿ ಕಲಾಯಿ ಹಾಕುವವರೊಬ್ಬರನ್ನು ಕಂಡೆವು. ಅವರು ಪಾತ್ರೆಯನ್ನು ಚೆನ್ನಾಗಿ ತಿಕ್ಕಿ ತೊಳೆದು ಕೆಂಡದ ಮೇಲಿಟ್ಟರು. ಕಾದ ಮೇಲೆ ಒಳಗೆ ನವಸಾಗರದ ಪುಡಿ ಎರಚಿದರು. ದಟ್ಟ ಬಿಳಿ ಹೊಗೆ ಎದ್ದಿತು, ಮೂಗಿಗೆ ಘಾಟು ಹೊಡೆಯಿತು. ಲೋಹದ ಮೇಲಿನ ಸಣ್ಣ ಕಿಲುಬನ್ನೂ ತೆಗೆದು ತವರಕ್ಕೆ ಅಂಟಲು ಜಾಗ ಮಾಡಿಕೊಡುವುದು ಆ ಪುಡಿಯ ಕೆಲಸ. ತವರದ ಕಡ್ಡಿಯನ್ನು ಒಳಗೆ ಮುಟ್ಟಿಸಿದರು. ಹಿತ್ತಾಳೆ ಕರಗುವುದು 900 ಡಿಗ್ರಿ ದಾಟಿದ ಮೇಲೆ, ತವರ 232ಕ್ಕೇ ನೀರಾಯಿತು. ಹತ್ತಿಯ ಉಂಡೆಯಿಂದ ಅದನ್ನು ಸುತ್ತಲೂ ಬೇಗಬೇಗ ಸವರಿದರು. ಹಳದಿ ಪಾತ್ರೆಯ ಒಳಮೈ ನಮ್ಮ ಕಣ್ಣೆದುರೇ ಬೆಳ್ಳಗಾಯಿತು.

ಮಗಳು ಬಗ್ಗಿ ನೋಡಿ "ಬೆಳ್ಳಿ!" ಎಂದಳು. "ಅಲ್ಲಮ್ಮ, ತವರ" ಎಂದರು ಅವರು, ಪಾತ್ರೆಯನ್ನು ಇಕ್ಕಳದಿಂದ ಎತ್ತಿ ನೀರಿನ ತೊಟ್ಟಿಗೆ ಅದ್ದುತ್ತಾ.